ಕಲ್ಲಿದ್ದಲಿನ ಊರಿನಲ್ಲಿ ಪೀಣ್ಯದ ಬಿಸಿನೀರು

ನಾನು ಜರ್ಮನಿಗೆ ಹೋಗಿ ಬಂದ ಮೇಲೆ ನಮ್ಮ ರಾಜಗೋಪಾಲನಗರದಲ್ಲಿ ಸಿಕ್ಕಿದವರೆಲ್ಲ ಕೇಳಿದ್ದು ಒಂದೇ ಮಾತು: "ಏನ್ ತಂದ್ರಿ ಗಿರಿಜಕ್ಕಾ?" ಏನು ತಂದೆ ಎನ್ನುವುದನ್ನು ಬಿಡಿ, ಏನು ತೆಗೆದುಕೊಂಡು ಹೋಗಿದ್ದೆ ಎಂದು ಕೇಳಿ! ಪೀಣ್ಯದ ನಮ್ಮ ಶೆಡ್ಡಿನಲ್ಲಿ, ನಮ್ಮ ಹುಡುಗರ ಕೈಯಲ್ಲಿ ತಯಾರಾದ ಸೋಲಾರ್ ವಾಟರ್ ಹೀಟರನ್ನು ತೆಗೆದುಕೊಂಡು ಹೋಗಿದ್ದೆ. ಅದೂ ಎಲ್ಲಿಗೆ? ನೂರಾರು ವರ್ಷ ಕಲ್ಲಿದ್ದಲು ಅಗೆದು, ಕಲ್ಲಿದ್ದಲು ಉರಿಸಿ, ಕಲ್ಲಿದ್ದಲಿನಿಂದಲೇ ದೊಡ್ಡದಾದ ಊರಿಗೆ. ಜಂಬ ಅಂತೀರಾ? ಅನ್ನಿ. ನನಗೆ ಜಂಬ ಇದೆ, ಯಾಕಿರಬಾರದು?

ಮೊದಲು ನಮ್ಮ ಪರಿಸ್ಥಿತಿ ಹೇಳುತ್ತೇನೆ. ನಾನು ದಾವಣಗೆರೆಯವಳು, ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು. ಶೆಡ್ಡಿನಲ್ಲಿ ನನಗೆ ಅರ್ಧ ಪಾಲು, ಮುನಿರಾಜುಗೆ ಅರ್ಧ ಪಾಲು. ಮುನಿರಾಜು ಬೆಂಗಳೂರಿನ ಆಚೆ ತುದಿಯ ಹೂಡಿಯವನು, ಹೂಡಿ ಇನ್ನೂ ರಾಗಿ ಹೊಲವಾಗಿದ್ದ ಕಾಲದಿಂದ ಅಲ್ಲಿರುವ ಮನೆತನ. ನಕ್ಷೆ ನನ್ನದು, ಬೆಂಕಿ ಅವನದು, ಅಂದರೆ ವೆಲ್ಡಿಂಗ್, ಬ್ರೇಜಿಂಗ್ ಎಂಬ ಬೆಸುಗೆ ಕೆಲಸವೆಲ್ಲ. ಇಬ್ಬರ ಗಂಟಲೂ ದೊಡ್ಡದು. ಆ ವರ್ಷ ಹೊಸ ಮನೆ ಕಟ್ಟಿದವರೆಲ್ಲ ಕರೆಂಟಿನ ಗೀಸರ್ ಹಾಕಿಸಿಕೊಳ್ಳಲು ಶುರು ಮಾಡಿದ್ದರು. ಗುಂಡಿ ಒತ್ತಿದರೆ ಬಿಸಿನೀರು ಬರುವಾಗ ಮಾಳಿಗೆ ಮೇಲೆ ಪೆಟ್ಟಿಗೆ ಯಾರಿಗೆ ಬೇಕು? ಆ ಗುಂಡಿಯ ಹಿಂದೆ ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯುತ್ತಿದೆ ಎಂದು ನಾನು ಎಷ್ಟು ಬಡಿದುಕೊಂಡರೂ ಕೇಳುವವರಿಲ್ಲ. ಶೆಡ್ಡಿಗೆ ಆರ್ಡರ್ ಬರುವುದು ನಿಂತಿತ್ತು. ದೀಪಾವಳಿವರೆಗೆ ನೋಡಿ, ಆಮೇಲೆ ಬಾಗಿಲು ಹಾಕೋಣ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ಅಷ್ಟರಲ್ಲಿ ಜರ್ಮನಿಯ ಒಂದು ಸೇವಾಸಂಸ್ಥೆಯಿಂದ ಕರೆ ಬಂತು. ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ ಒಂದು ಪ್ರದರ್ಶನ. ಹೊಗೆಯಿಲ್ಲದೆ ಕೆಲಸ ಮಾಡುವ ಸಾಧನಗಳನ್ನು ಬೇರೆ ಬೇರೆ ದೇಶದವರು ತಂದು ತೋರಿಸಬೇಕು. ಆಫ್ರಿಕಾದಲ್ಲಿ ಅವರು ನಡೆಸುವ ಹಳ್ಳಿ ಆಸ್ಪತ್ರೆಗಳಿಗೆ ಒಂದು ಬಿಸಿನೀರಿನ ಸಾಧನವನ್ನು ಅಲ್ಲೇ ಆರಿಸುತ್ತಾರೆ. ನಮ್ಮದು ಆರಿಸಲ್ಪಟ್ಟರೆ ಶೆಡ್ಡು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಲೆಕ್ಕ ಅಷ್ಟು ಸರಳವಾಗಿತ್ತು.

ಕಸ್ಟಮ್ಸ್ ಕಟ್ಟೆ

ನಮ್ಮ ಪೆಟ್ಟಿಗೆ ಅಂದರೆ ಒಂದು ಮಂಚದಷ್ಟು ದೊಡ್ಡ ಅಲ್ಯೂಮಿನಿಯಂ ಚೌಕಟ್ಟು. ಒಳಗೆ ಕಪ್ಪು ಬಳಿದ ತಾಮ್ರದ ತಗಡು, ಅದರ ಬೆನ್ನಿಗೆ ಸಾಲಾಗಿ ತಾಮ್ರದ ಕೊಳವೆಗಳು, ಮೇಲೆ ಗಾಜು. ಬಿಸಿಲು ಗಾಜಿನೊಳಗೆ ಬರುತ್ತದೆ, ಕಪ್ಪು ತಗಡು ಕಾಯುತ್ತದೆ, ಕೊಳವೆಯ ನೀರು ಬಿಸಿಯಾಗಿ ತಾನಾಗಿಯೇ ಮೇಲಿನ ಡ್ರಮ್ಮಿಗೆ ಏರುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಜರ್ಮನಿಯಲ್ಲಿ ಇಳಿದ ಮೇಲೆ ಇಷ್ಟನ್ನು ಕಸ್ಟಮ್ಸ್ ಅಧಿಕಾರಿಗೆ ಇಂಗ್ಲಿಷಿನಲ್ಲಿ ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಮುನಿರಾಜು ಮುಂದೆ ಬಂದ.

"ನೀನ್ ಸುಮ್ಕಿರಕ್ಕ, ನಾನ್ ಏಳ್ತೀನಿ," ಎಂದವನೇ ಮೇಲೆ ಕೈ ತೋರಿಸಿ ಸೂರ್ಯ ಎಂದ, ಪೆಟ್ಟಿಗೆ ತಟ್ಟಿದ, ಆಮೇಲೆ ಅಷ್ಟು ಜನರ ಮಧ್ಯೆ ಕಾಣದ ಚೊಂಬಿನಿಂದ ತಲೆಗೆ ನೀರು ಸುರಿದುಕೊಂಡು, ಕಂಕುಳು ಉಜ್ಜಿಕೊಂಡು, "ಆಹಾ!" ಎಂದು ಕಣ್ಣು ಮುಚ್ಚಿದ. ನನಗೆ ನೆಲದೊಳಗೆ ಇಳಿದುಹೋಗಬೇಕು ಅನ್ನಿಸಿತು. ಅಧಿಕಾರಿ ಮಾತ್ರ ಒಂದು ಗಳಿಗೆ ನೋಡಿ, ಮುಖ ಗಂಟಿಕ್ಕಿಕೊಂಡೇ ಮುದ್ರೆ ಒತ್ತಿಬಿಟ್ಟರು.

"ನೋಡ್ದಾ? ನಿಂಗೆ ಇಂಗ್ಲಿಷ್ ಬರ್ತದೆ ಅಷ್ಟೆ," ಎಂದ ಮಹಾರಾಯ.

ಹೊರಗೆ ಕರೀನ್ ಕಾಯುತ್ತಿದ್ದಳು. ಪ್ರದರ್ಶನದ ಉಸ್ತುವಾರಿ ಅವಳದು. ಎತ್ತರದ, ನೇರ ಮಾತಿನ ಹೆಂಗಸು. ಸಾಧನವನ್ನು ಆರಿಸುವವಳೂ ಅವಳೇ ಎಂದು ಕಾರಿನಲ್ಲೇ ಹೇಳಿದಳು. ನಾನು ತಕ್ಷಣ ಚೀಲದಿಂದ ಶೇಂಗಾ ಚಟ್ನಿಪುಡಿಯ ಪೊಟ್ಟಣ ತೆಗೆದು ಕೊಟ್ಟೆ. ಆಯ್ಕೆ ಮುಗಿಯುವವರೆಗೆ ಯಾರಿಂದಲೂ ಏನನ್ನೂ ತೆಗೆದುಕೊಳ್ಳುವಂತಿಲ್ಲ ಎಂದು ನಗುತ್ತಲೇ ವಾಪಸು ಕೊಟ್ಟಳು. ಚಟ್ನಿಪುಡಿಯನ್ನು ಲಂಚ ಎಂದುಕೊಂಡವರನ್ನು ನಾನು ಜೀವನದಲ್ಲಿ ಮೊದಲ ಸಲ ನೋಡಿದ್ದು.

ಹೆಲ್ಮುಟ್ ಅವರ ಮನೆ

ನಮಗೆ ಉಳಿಯಲು ಗೊತ್ತು ಮಾಡಿದ್ದು ಹೆಲ್ಮುಟ್ ಎಂಬ ನಿವೃತ್ತ ಗಣಿ ಕಾರ್ಮಿಕರ ಮನೆಯಲ್ಲಿ. ಎಪ್ಪತ್ತರ ಹತ್ತಿರದ ಮನುಷ್ಯ, ಹೆಂಡತಿ ತೀರಿಹೋಗಿದ್ದಾರೆ, ಅಗಲ ಭುಜ, ಕಡಿಮೆ ಮಾತು. ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರಂತೆ. ಗಣಿ ಮುಚ್ಚಿ ಹಲವು ವರ್ಷವಾಗಿದ್ದರೂ ಪಿಂಚಣಿಯ ಜೊತೆ ಅವರ ಪಾಲಿನ ಕಲ್ಲಿದ್ದಲು ಇನ್ನೂ ಮನೆಗೆ ಬರುತ್ತಿತ್ತು. ನೆಲಮಾಳಿಗೆಯಲ್ಲಿ ಅದರ ರಾಶಿ, ಪಕ್ಕದಲ್ಲಿ ಒಲೆ, ಒಲೆಯಿಂದ ಎಲ್ಲ ಕೋಣೆಗಳಿಗೂ ಬಿಸಿನೀರಿನ ಕೊಳವೆ.

ಮೊದಲ ಬೆಳಿಗ್ಗೆಯೇ ಪೇಚು. ನನಗೆ ಸ್ನಾನವಾಗದೆ ಲಿಂಗಪೂಜೆ ಇಲ್ಲ, ಪೂಜೆಯಾಗದೆ ಬಾಯಿಗೆ ಕಾಫಿ ಇಲ್ಲ. ಬಚ್ಚಲಿಗೆ ಹೋದರೆ ಬಕೆಟ್ಟೂ ಇಲ್ಲ, ಚೊಂಬೂ ಇಲ್ಲ. ಗಾಜಿನ ಡಬ್ಬದಂಥ ಜಾಗದಲ್ಲಿ ನಿಂತು ಮೇಲಿನಿಂದ ಬೀಳುವ ನೀರಿಗೆ ಮೈ ಒಡ್ಡಬೇಕು. ಗೋಡೆಯ ಮೂರು ನಲ್ಲಿಗಳಲ್ಲಿ ಯಾವುದನ್ನೋ ತಿರುಗಿಸಿದೆ, ಐಸಿನಂಥ ನೀರು ತಲೆ ಮೇಲೆ ಬಿತ್ತು. ನಾನು ಕೂಗಿದ ಕೂಗಿಗೆ ಹೆಲ್ಮುಟ್ ಬಾಗಿಲಾಚೆ ಓಡಿ ಬಂದರು. ಕೈಸನ್ನೆ ಕಾಣಿಸದ ಜಾಗದಿಂದ ನಾನು "ಬಕೆಟ್, ಬಕೆಟ್!" ಎಂದು ಕಿರುಚಿದೆ. ಸ್ವಲ್ಪ ಹೊತ್ತಿಗೆ ಬಾಗಿಲಾಚೆ ತೊಳೆದು ಉಜ್ಜಿ ಫಳಫಳ ಮಾಡಿದ ಕಲ್ಲಿದ್ದಲಿನ ಬಕೆಟ್ ಬಂದು ಕೂತಿತು. ಒಳ್ಳೆಯ ಮನುಷ್ಯ, ಒಳ್ಳೆಯ ಬಕೆಟ್.

ಆದರೆ ಒಂದು ವಿಷಯಕ್ಕೆ ನನ್ನ ಪಿತ್ತ ನೆತ್ತಿಗೇರಿತು. ಕೋಣೆಯಲ್ಲಿ ಕಬ್ಬಿಣದ ಹೀಟರ್ ಮುಟ್ಟಿದರೆ ಸುಡುತ್ತಿತ್ತು, ಅದರ ಮೇಲೆಯೇ ಕಿಟಕಿ ಹಾರು ಹೊಡೆದಿತ್ತು! ದಿನಕ್ಕೆರಡು ಸಲ ಗಾಳಿ ಬದಲಾಯಿಸಬೇಕು, ಅದು ಅವರ ಪದ್ಧತಿ. ನಮ್ಮನ್ನು ಕರೆದೊಯ್ಯಲು ಬಂದಿದ್ದ ಕರೀನ್ ಮೂಲಕ ನಾನು ಕೇಳಿಯೇ ಬಿಟ್ಟೆ.

"ಒಳಗೆ ಕಾಯಿಸಿ ಹೊರಗೆ ಬಿಡ್ತೀರಲ್ಲ, ಯಾವ ಸೀಮೆ ನ್ಯಾಯ ಇದು? ಭೂಮಿ ಬಿಸಿಯಾಗ್ತಿದೆ ಅಂತ ಪ್ರದರ್ಶನ ಬೇರೆ ಮಾಡ್ತೀರಿ!"

ಹೆಲ್ಮುಟ್ ಸಿಟ್ಟಾಗಲಿಲ್ಲ. ನೆಲಮಾಳಿಗೆಗೆ ಕರೆದುಕೊಂಡು ಹೋಗಿ ಒಂದು ಹೆಂಟೆ ಕಲ್ಲಿದ್ದಲನ್ನು ನನ್ನ ಕೈಗಿಟ್ಟರು. ಕರೀನ್ ಅವರ ಮಾತನ್ನು ಇಂಗ್ಲಿಷಿಗೆ ತಂದಳು: "ಯುದ್ಧ ಮುಗಿದಾಗ ಇಲ್ಲಿ ಜನ ಚಳಿಗೆ ಸಾಯ್ತಿದ್ರು. ಅವರನ್ನ ಬದುಕಿಸಿದ್ದು ನಾವು ಗಣಿಯವರು. ನಾನು ಹದಿನಾಲ್ಕನೇ ವಯಸ್ಸಿಗೆ ಗಣಿಗೆ ಇಳಿದೆ. ಈಗ ಮಕ್ಕಳು ಬಂದು, ಆಕಾಶ ಹಾಳುಮಾಡಿದವರು ನೀವೇ ಅಂತಾರೆ. ಉರಿಸಿದವರು ಎಲ್ಲರೂ, ಬೈಗುಳ ತಿಂದವರು ನಾವು."

ನಾನು ವಾದಕ್ಕೆ ನಿಂತರೆ ಬಿಡುವವಳಲ್ಲ. ಆದರೆ ಆ ಮುಖ ನೋಡಿದ ಮೇಲೆ ಹೆಂಟೆಯನ್ನು ಮೆಲ್ಲಗೆ ರಾಶಿಯ ಮೇಲಿಟ್ಟೆ. ಅವರಿಗೂ ನನ್ನಷ್ಟೇ ಜಂಬ ಇತ್ತು, ಅವರ ಕೆಲಸದ ಬಗ್ಗೆ. ಬೆವರು ಸುರಿಸಿ ಮಾಡಿದ ಕೆಲಸವನ್ನು ಯಾರಾದರೂ ಪಾಪ ಎಂದರೆ ಹೇಗಿರುತ್ತದೆ ಎಂದು ಆ ನೆಲಮಾಳಿಗೆಯಲ್ಲಿ ನನಗೆ ಅರ್ಥವಾಯಿತು.

ಗಣಿಯ ಅಂಗಳ

ಪ್ರದರ್ಶನ ನಡೆದದ್ದು ಅದೇ ಮುಚ್ಚಿದ ಗಣಿಯ ಅಂಗಳದಲ್ಲಿ. ತಲೆ ಮೇಲೆ ಒಂದು ಕಾಲಕ್ಕೆ ಜನರನ್ನು ಗಣಿಗೆ ಇಳಿಸುತ್ತಿದ್ದ ದೈತ್ಯ ಚಕ್ರದ ಗೋಪುರ, ಪಕ್ಕದಲ್ಲಿ ಇಟ್ಟಿಗೆಯ ಕಟ್ಟಡಗಳು, ನೆಲ ಇನ್ನೂ ಕಪ್ಪು. ಆ ಗಣಿಯ ಸ್ನಾನದ ಮನೆಯ ಗೋಡೆಗೆ ಒರಗಿ ನಮ್ಮ ಜಾಗ. ಪೆಟ್ಟಿಗೆ ಜೋಡಿಸಿದೆವು, ಡ್ರಮ್ ಏರಿಸಿದೆವು, ನೀರು ತುಂಬಿಸಿದೆವು. ನಮ್ಮ ಕೆಲಸ ನೋಡಲು ಜನ ಸೇರಿದರು. ಮುನಿರಾಜು ಕಾಲರ್ ಎತ್ತಿಕೊಂಡು ಓಡಾಡಿದ.

ಮಧ್ಯಾಹ್ನವಾದರೂ ನೀರು ಬೆಚ್ಚಗೂ ಆಗಲಿಲ್ಲ. ಬಿಸಿಲೇನೋ ಇತ್ತು. ನಾನು ಕೊಳವೆ ಮುಟ್ಟಿದೆ, ಗಾಜು ಮುಟ್ಟಿದೆ, ಕೊನೆಗೆ ತಲೆಯೆತ್ತಿ ಸೂರ್ಯನನ್ನು ನೋಡಿದೆ. ಸೂರ್ಯ ತಲೆ ಮೇಲಿರಲೇ ಇಲ್ಲ! ಮಧ್ಯಾಹ್ನದ ಹೊತ್ತಿಗೂ ನಮ್ಮೂರ ಸಂಜೆಯಂತೆ ದಕ್ಷಿಣದ ಮರಗಳ ತುದಿಯಲ್ಲಿ ಕೂತಿದ್ದ. ನಾವು ಸ್ಟ್ಯಾಂಡ್ ವೆಲ್ಡ್ ಮಾಡಿದ್ದು ಬೆಂಗಳೂರಿನ ಸೂರ್ಯನಿಗೆ. ನಮ್ಮ ಪೆಟ್ಟಿಗೆ ಆಕಾಶ ನೋಡುತ್ತ ಅಂಗಾತ ಮಲಗಿತ್ತು, ಬಿಸಿಲು ಅದರ ಮೇಲಿನಿಂದ ಜಾರಿಹೋಗುತ್ತಿತ್ತು.

"ಅಯ್ಯೋ ಶಿವನೇ!" ಎಂದೆ. "ಮುನಿರಾಜು, ನಾವು ಸೂರ್ಯನ್ನೂ ಪೀಣ್ಯದಿಂದಲೇ ತಂದಿದ್ದೀವಿ ಅಂದ್ಕೊಂಡ್ವೇನೋ?"

"ನಕ್ಷೆ ಬರ್ದಿದ್ದು ನೀನು."

"ವೆಲ್ಡ್ ಮಾಡಿದ್ದು ನೀನು. ಆಗ ಹೇಳ್ಬೇಕಿತ್ತು!"

ನಾವು ಹೀಗೆ ಕಿತ್ತಾಡುತ್ತಿದ್ದಾಗ ಹೆಲ್ಮುಟ್ ಸದ್ದಿಲ್ಲದೆ ಹೋಗಿ ಗಣಿಯೊಳಗೆ ಚಾವಣಿಗೆ ಆಧಾರ ಕೊಡುತ್ತಿದ್ದ ಮರದ ದಿಮ್ಮಿಗಳನ್ನು ಹೊತ್ತು ತಂದರು. ಮೂವರೂ ಸೇರಿ ಪೆಟ್ಟಿಗೆಯ ಹಿಂಬದಿಗೆ ಕೊಟ್ಟು ಎತ್ತಿ ನಿಲ್ಲಿಸಿದೆವು. ಅರ್ಧ ಗಂಟೆಯಲ್ಲಿ ಮೇಲಿನ ಕೊಳವೆ ಮುಟ್ಟಿದವರು ಕೈ ಹಿಂದಕ್ಕೆಳೆದರು.

ಆಗ ಶುರುವಾಯಿತು ಪ್ರಶ್ನೆಗಳ ಮಳೆ. ಅತಿ ಹೆಚ್ಚು ಜನ ಕೇಳಿದ್ದು, "ಇಂಡಿಯಾದಲ್ಲಿ ಸೆಕೆ ತಾನೆ, ನಿಮಗೆ ಬಿಸಿನೀರು ಯಾಕೆ?" ಎಂದು. ಬೆಂಗಳೂರಿನವರು ಏಪ್ರಿಲ್ಲಿನಲ್ಲೂ ಬಿಸಿನೀರಿಲ್ಲದೆ ಬಚ್ಚಲಿಗೆ ಕಾಲಿಡುವುದಿಲ್ಲ, ಭಾನುವಾರ ಎಣ್ಣೆ ಹಚ್ಚಿ ಎರೆದುಕೊಳ್ಳುವುದೆಂದರೆ ಏನು ಎಂದು ನಾನು ಅವರಿಗೆ ಒಂದು ಭಾಷಣವನ್ನೇ ಬಿಗಿದೆ. ಆಮೇಲೆ ಗಾಜನ್ನು ತಟ್ಟಿ ಮುಖ್ಯ ವಿಷಯಕ್ಕೆ ಬಂದೆ. ಈ ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ಕಾದ ತಗಡಿನ ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಭೂಮಿಗೂ ಇಂಥದ್ದೊಂದು ಮುಚ್ಚಳ ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಗಾಳಿಯಲ್ಲಿರುವ ಕೆಲವು ಅನಿಲಗಳು ನೆಲದ ಶಾಖವನ್ನು ತಡೆದಿಟ್ಟುಕೊಳ್ಳುತ್ತವೆ. ಕಲ್ಲಿದ್ದಲು, ಡೀಸೆಲ್, ಪೆಟ್ರೋಲ್ ಉರಿಸಿದಷ್ಟೂ ಇಂಗಾಲದ ಅನಿಲ ಮೇಲೆ ಸೇರುತ್ತದೆ. ಅದನ್ನು ಹೀರಿಕೊಳ್ಳುವ ಕಾಡನ್ನೂ ಕಡಿಯುತ್ತೇವೆ. ಕೋಟಿಗಟ್ಟಲೆ ವರ್ಷ ನೆಲದೊಳಗೆ ಮಲಗಿದ್ದುದನ್ನು ನಮ್ಮ ಅಜ್ಜಂದಿರ ಕಾಲದಿಂದೀಚೆಗೆ ತೆಗೆದು ಉರಿಸಿಬಿಟ್ಟೆವು. ಮುಚ್ಚಳ ದಪ್ಪವಾಗುತ್ತಿದೆ.

ಕನ್ನಡಕದ ಒಬ್ಬ ಮೇಷ್ಟ್ರು ಎದ್ದು, "ನಿಮ್ಮ ಭತ್ತದ ಗದ್ದೆ, ಹಸುಗಳಿಂದಲೂ ಅಂಥ ಅನಿಲ ಬರುತ್ತದೆ," ಎಂದರು. ಬರುತ್ತದೆ, ಸುಳ್ಳಲ್ಲ. ನಮ್ಮ ಪೀಣ್ಯದ ಫೌಂಡ್ರಿಗಳ ಹೊಗೆ, ಕರೆಂಟ್ ಹೋದಾಗ ಗುಡುಗುಡು ಎನ್ನುವ ಜನರೇಟರುಗಳು, ಅದೂ ಸುಳ್ಳಲ್ಲ. "ಒಪ್ಪಿದೆ ಸಾರ್," ಎಂದೆ. "ಅದಕ್ಕೇ ಬರೀ ಮಾತು ಹೊತ್ತುಕೊಂಡು ಬಂದಿಲ್ಲ. ಪೆಟ್ಟಿಗೆ ಹೊತ್ತುಕೊಂಡು ಬಂದಿದ್ದೀನಿ." ಜನ ಚಪ್ಪಾಳೆ ತಟ್ಟಿದರು. ಕರೀನ್ ಏನೋ ಬರೆದುಕೊಂಡು, ಕೊನೆಯ ದಿನ ನೀರಿನ ಪರೀಕ್ಷೆ ಮಾಡುತ್ತೇನೆ ಎಂದು ಹೇಳಿ ಹೋದಳು. ಮುನಿರಾಜು ಅಂದು ಕುಣಿಯುವುದೊಂದು ಬಾಕಿ.

ಒಡೆದ ಕೊಳವೆ

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಅಂಗಳದ ಹುಲ್ಲೆಲ್ಲ ಉಪ್ಪು ಚೆಲ್ಲಿದಂತೆ ಬೆಳ್ಳಗಿತ್ತು. ಆಕಾಶ ಒಂದು ಮೋಡವಿಲ್ಲದೆ ಸ್ವಚ್ಛ. "ಎಷ್ಟ್ ಚೆಂದ ಅಲ್ವಾ ಮುನಿರಾಜು," ಎಂದು ಹೇಳುತ್ತಲೇ ನಾನು ಪೆಟ್ಟಿಗೆಯ ಹತ್ತಿರ ಹೋದೆ. ಬಿಸಿಲು ಏರುತ್ತಿದ್ದಂತೆ ಪೆಟ್ಟಿಗೆಯ ಕೆಳಗಿನಿಂದ ನೀರು ತೊಟ್ಟಿಕ್ಕಲು ಶುರುವಾಯಿತು. ತೊಟ್ಟು ಹೋಗಿ ಧಾರೆಯಾಯಿತು. ಗಾಜು ತೆಗೆದು, ತಗಡು ಎತ್ತಿ ನೋಡಿದರೆ ನಾಲ್ಕು ಕೊಳವೆಗಳು ಉದ್ದಕ್ಕೆ ಸೀಳಿಹೋಗಿದ್ದವು.

ರಾತ್ರಿ ಕೊಳವೆಯ ನೀರು ಮಂಜುಗಡ್ಡೆಯಾಗಿ ಹಿಗ್ಗಿತ್ತು! ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ ಎಂದು ನಾನು ಡಿಪ್ಲೊಮಾದಲ್ಲಿ ಓದಿದ್ದೆ. ಮುನಿರಾಜುವಿನ ಮಗಳಿಗೂ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರಂತೆ. ಆದರೆ ನಮ್ಮ ಶೆಡ್ಡಿನಲ್ಲಿ ಇಷ್ಟು ವರ್ಷ ಪೆಟ್ಟಿಗೆ ಮಾಡಿದ ಯಾರಿಗೂ, ರಾತ್ರಿ ನೀರು ಖಾಲಿ ಮಾಡಬೇಕು ಎಂಬ ಯೋಚನೆ ಒಂದು ಸಲವೂ ಬಂದದ್ದಿಲ್ಲ. ಯಾಕೆ ಬರುತ್ತದೆ? ಪೀಣ್ಯದಲ್ಲಿ ಕೊಳಾಯಿ ಖಾಲಿಯಾಗುವುದುಂಟು, ಹೆಪ್ಪುಗಟ್ಟುವುದುಂಟೇ? ಖಾಲಿ ಮಾಡಲು ನಮ್ಮ ಪೆಟ್ಟಿಗೆಗೆ ಕೆಳಗಡೆ ಒಂದು ನಲ್ಲಿ ಕೂಡ ಇರಲಿಲ್ಲ.

ಕರೀನ್ ಬಂದು ನೋಡಿದಳು, ಬೇಸರ ಮುಚ್ಚಿಡಲಿಲ್ಲ. "ರಾತ್ರಿ ಅಷ್ಟೇನೂ ಚಳಿ ಇರಲಿಲ್ಲ," ಎಂದಳು. "ಮೋಡ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆಕಾಶ ತೆರೆದಿದ್ದಕ್ಕೆ ಶಾಖವೆಲ್ಲ ಮೇಲಕ್ಕೆ ಹೋಗಿಬಿಟ್ಟಿದೆ."

ಹೌದಲ್ಲ! ಹಿಂದಿನ ದಿನ ನಾನೇ ನೂರು ಜನಕ್ಕೆ ಬಿಡಿಸಿ ಹೇಳಿದ್ದ ವಿಷಯ ಅದು. ಹೊದಿಕೆಯೇ ಇಲ್ಲದಿದ್ದರೆ ಭೂಮಿಯೂ ನಮ್ಮ ಕೊಳವೆಗಳ ಹಾಗೆಯೇ ಹೆಪ್ಪುಗಟ್ಟುತ್ತಿತ್ತು. ಹೊದಿಕೆ ಬೇಕು, ಆದರೆ ಚಳಿಗೆ ಒಂದು ಕಂಬಳಿ ಸಾಕಾದ ಮಗುವಿಗೆ ನಾವು ಮೇಲೊಂದು, ಮೇಲೊಂದು ಹೊದಿಸುತ್ತ ಹೋಗುತ್ತಿದ್ದೇವೆ. ಇದೆಲ್ಲ ಹೊಳೆದರೂ ಆಗ ಯಾರಿಗೆ ಬೇಕಿತ್ತು? ನನಗೆ ಕಾಣುತ್ತಿದ್ದದ್ದು ಶೆಡ್ಡಿನ ಬಾಗಿಲಿಗೆ ಬೀಗ. ಶೆಡ್ಡಿನ ಹುಡುಗರ ಮುಖ ಒಂದೊಂದಾಗಿ ಕಣ್ಣ ಮುಂದೆ ಬಂತು.

"ನಾಳೆ ಪರೀಕ್ಷೆ," ಎಂದಳು ಕರೀನ್. "ಕ್ಷಮಿಸಿ, ಒಂದು ರಾತ್ರಿಗೆ ಒಡೆಯುವುದನ್ನು ನಾನು ಆಸ್ಪತ್ರೆಗೆ ಹೇಗೆ ಕಳಿಸಲಿ?"

"ನಿಮ್ಮ ಆಸ್ಪತ್ರೆಗಳ ಊರಲ್ಲಿ ಹೀಗೆ ಮಂಜು ಬೀಳುತ್ತಾ?" ಎಂದೆ.

"ಹೆಚ್ಚಿನ ಕಡೆ ಇಲ್ಲ. ಬೆಟ್ಟದ ಮೇಲೆ ಒಂದೆರಡು ಕಡೆ ಬೀಳುತ್ತೆ."

"ಹಾಗಾದ್ರೆ ನಾಳೆ ಬನ್ನಿ. ಬೆಟ್ಟಕ್ಕೂ ಆಗೋ ಹಾಗೆ ಮಾಡಿಟ್ಟಿರ್ತೀವಿ." ಹೇಳಿಬಿಟ್ಟೆ. ಹೇಳಿದ ಮೇಲೆ ಸೀಳುಗಳನ್ನು ಮತ್ತೊಮ್ಮೆ ಎಣಿಸಿದೆ.

ಗಣಿಯ ವರ್ಕ್‌ಶಾಪ್

ಹೆಲ್ಮುಟ್ ತಮ್ಮ ಹಳೆಯ ವರ್ಕ್‌ಶಾಪಿನ ಬೀಗದ ಕೈ ತರಿಸಿದರು. ಒಳಗೆ ಹೋದರೆ ಸ್ವರ್ಗ! ಸಾಲಾಗಿ ನೇತುಹಾಕಿದ ಸ್ಪಾನರುಗಳು, ಗೋಡೆಯ ಮೇಲೆ ಪ್ರತಿಯೊಂದರ ಆಕಾರವನ್ನೂ ಬಣ್ಣದಲ್ಲಿ ಬರೆದಿತ್ತು, ಯಾವುದು ಎಲ್ಲಿ ಕೂರಬೇಕು ಎಂದು. ನಮ್ಮ ಶೆಡ್ಡಿನಲ್ಲಿ ಹದಿನಾಲ್ಕರ ಸ್ಪಾನರ್ ಬೇಕಾದರೆ ಮೊದಲು ಎಲ್ಲರ ಮೇಲೂ ರೇಗಬೇಕು, ಆಮೇಲೆ ಅದು ಮುನಿರಾಜುವಿನ ಸ್ಕೂಟರಿನ ಡಿಕ್ಕಿಯಲ್ಲಿ ಸಿಗುತ್ತದೆ.

ಹೆಲ್ಮುಟ್ ಸೀಳಿದ ಕೊಳವೆಗಳನ್ನು ನೋಡಿ ತಲೆಯಾಡಿಸಿದರು. ಅವರ ಕೈಸನ್ನೆಯ ಪ್ರಕಾರ ಇಡೀ ಜೋಡಣೆ ಬಿಚ್ಚಿ ಹೊಸದು ಹಾಕಬೇಕು. ಹೊಸದು ಎಲ್ಲಿಂದ ತರುವುದು? ಮುನಿರಾಜು ನಕ್ಕ. "ಒಸದ್ಯಾಕೆ? ಎರಡ್ ಸಣ್ ಸೀಳು, ಮುಚ್ಚೋಣ. ಇನ್ನೆರಡು ಪೂರ್ತಿ ಓಗವೆ, ಎರಡ್ ಕಡೇನೂ ಅಮುಕಿ ಬಾಯ್ ಕಟ್ಬಿಡೋಣ. ಉಳ್ದಿದ್ರಲ್ಲಿ ನೀರ್ ಓಡ್ತದೆ." ನಾನು ಕಾಗದದ ಮೇಲೆ ಬರೆದು ತೋರಿಸಿದೆ. ಹೆಲ್ಮುಟ್ ಬಹಳ ಹೊತ್ತು ನೋಡಿ, ಹುಬ್ಬು ಏರಿಸಿದರು. ನಮ್ಮಲ್ಲಿ ದಿನಾ ಮಾಡುವ ಕೆಲಸ ಅದು. ಪೀಣ್ಯದಲ್ಲಿ ಯಾವುದನ್ನೂ ಸತ್ತಿತು ಎಂದು ಎಸೆಯುವುದಿಲ್ಲ, ಎಷ್ಟು ಬದುಕಿದೆ ಎಂದು ನೋಡುತ್ತಾರೆ.

ಗ್ಯಾಸ್ ಟಾರ್ಚ್ ಹೊತ್ತಿಸುವಾಗ ಜಗಳ. ಈ ವರ್ಕ್‌ಶಾಪಿನಲ್ಲಿ ಹೊರಗಿನವರು ಬೆಂಕಿ ಮುಟ್ಟುವಂತಿಲ್ಲ, ನಾನೇ ಮಾಡುತ್ತೇನೆ ಎಂದು ಹೆಲ್ಮುಟ್. ನನ್ನ ಕೊಳವೆಗೆ ಇನ್ನೊಬ್ಬರ ಬೆಂಕಿಯೇ ಎಂದು ಮುನಿರಾಜು. ಅವರು ಜರ್ಮನ್, ಇವನು ಕನ್ನಡ, ಎರಡೂ ಗಂಟಲು ಏರುತ್ತ ಹೋದವು. ಹೊರಗೆ ಹೊತ್ತು ಇಳಿಯುತ್ತಿತ್ತು. ನನಗೆ ರೇಗಿಹೋಯಿತು.

"ಸಾಕು ನಿಲ್ಸ್ರೋ ಇಬ್ರೂ! ಟಾರ್ಚ್ ಈ ಕಡೆ ಕೊಡಿ!"

ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಹೆಲ್ಮುಟ್ ಅವರ ಚರ್ಮದ ಏಪ್ರನ್ ಕಟ್ಟಿಕೊಂಡು ಕೂತೆ. ಶೆಡ್ಡಿನಲ್ಲಿ ಕೈ ಕಡಿಮೆಯಾದಾಗೆಲ್ಲ ನಾನೂ ಬೆಂಕಿ ಹಿಡಿದವಳೇ. ಹೆಲ್ಮುಟ್ ಬೇಡ ಎನ್ನಲಿಲ್ಲ. ಹೆಂಗಸೊಬ್ಬಳು ಆ ವರ್ಕ್‌ಶಾಪಿನಲ್ಲಿ ಕೂತದ್ದು ಅದೇ ಮೊದಲಂತೆ, ಆ ಆಶ್ಚರ್ಯಕ್ಕೇ ಟಾರ್ಚ್ ಕೈಗೆ ಕೊಟ್ಟರು. ಜ್ವಾಲೆಯನ್ನು ತಿದ್ದಿ ನೀಲಿ ಮಾಡಿಕೊಂಡು ತಾಮ್ರವನ್ನು ಕೆಂಪಗೆ ಕಾಯಿಸಿದೆ. ಬೆಸುಗೆಯ ರಾಡ್ ಮುಟ್ಟಿಸಿದಾಗ ಅದು ಕರಗಿ ಸೀಳಿನೊಳಗೆ ತಾನಾಗಿ ಹರಿಯಿತು. ಮುನಿರಾಜು ಕೊಳವೆ ತಿರುಗಿಸಿ ಹಿಡಿದ, ಹೆಲ್ಮುಟ್ ಇಕ್ಕಳ ಹಿಡಿದರು. ಒಂದೊಂದು ಬೆಸುಗೆ ಮುಗಿದಾಗಲೂ ಇಬ್ಬರೂ ಬಗ್ಗಿ ತಪ್ಪು ಹುಡುಕಿದರು, ಸಿಗಲಿಲ್ಲ. ಕೊನೆಗೆ ಕೆಳಗಿನ ಕೊಳವೆಗೆ ನೀರು ಖಾಲಿ ಮಾಡಲು ಒಂದು ನಲ್ಲಿ ಕೂರಿಸಿದೆ.

ಬೆಂಕಿ ತಾಗಿದಲ್ಲೆಲ್ಲ ತಗಡಿನ ಕಪ್ಪು ಬಣ್ಣ ಸುಟ್ಟು ಹೋಗಿತ್ತು. ಕಪ್ಪಿಲ್ಲದಿದ್ದರೆ ಬಿಸಿಲು ಹಿಡಿಯುವುದಿಲ್ಲ. ಅಲ್ಲಿದ್ದ ಬಣ್ಣದ ಡಬ್ಬಗಳೆಲ್ಲ ಒಣಗಿ ಕಲ್ಲಾಗಿದ್ದವು. ಹೆಲ್ಮುಟ್ ಹೊರಗೆ ಹೋಗಿ ಒಂದು ಮುಷ್ಟಿ ಕಲ್ಲಿದ್ದಲು ತಂದು, ಕುಟ್ಟಿ ನುಣ್ಣಗೆ ಪುಡಿ ಮಾಡಿ, ಹೇಗೋ ಒಣಗದೆ ಉಳಿದಿದ್ದ ವಾರ್ನಿಷಿನಲ್ಲಿ ಕಲಸಿದರು. ತಾವೇ ಬ್ರಷ್ ಹಿಡಿದು, ಮಗುವಿಗೆ ಕಾಡಿಗೆ ಹಚ್ಚುವಷ್ಟು ಜೋಪಾನವಾಗಿ ಬಳಿದರು. ಬಳಿಯುತ್ತ ಏನೋ ಹೇಳಿ ನಕ್ಕರು. ಅವರು ನಕ್ಕದ್ದನ್ನು ಆವತ್ತೇ ನೋಡಿದ್ದು. ಕರೀನ್ ಆಮೇಲೆ ಅವರನ್ನೇ ಕೇಳಿ ಅರ್ಥ ಹೇಳಿದಳು: "ಉರಿಯದೆ ಕೆಲಸ ಮಾಡೋ ಕಲ್ಲಿದ್ದಲನ್ನ ಇವತ್ತೇ ನೋಡ್ತಿರೋದು."

ಅಂದು ಸಂಜೆ ಪೆಟ್ಟಿಗೆಗೆ ನೀರು ತುಂಬಿಸಲಿಲ್ಲ. ಅಷ್ಟು ಬುದ್ಧಿ ಬಂದಿತ್ತು.

ಗಣಿಯ ಸ್ನಾನದ ಮನೆ

ಪರೀಕ್ಷೆಯ ದಿನ ಹುಲ್ಲು ಮತ್ತೆ ಬೆಳ್ಳಗಿತ್ತು, ಆಕಾಶ ಮತ್ತೆ ಸ್ವಚ್ಛ. ಬಿಸಿಲು ಗೋಡೆ ಮುಟ್ಟಿದ ಮೇಲೆ ನೀರು ತುಂಬಿಸಿದೆವು. ಒಂದು ತೊಟ್ಟು ಸೋರಲಿಲ್ಲ. ಆಮೇಲೆ ಕಾಯುವುದಲ್ಲದೆ ಮಾಡುವುದೇನಿತ್ತು? ಒಂದು ಸಣ್ಣ ಮೋಡ ಬಂದರೂ ನಾನು ಅದನ್ನು ಬೈಯುತ್ತಿದ್ದೆ. ಮುನಿರಾಜು ತಿಂಡಿ ತಿನ್ನಲಿಲ್ಲ. ಅವನು ತಿಂಡಿ ಬಿಟ್ಟದ್ದನ್ನು ನಾನು ಅವತ್ತಿನವರೆಗೆ ನೋಡಿರಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಕರೀನ್ ಥರ್ಮಾಮೀಟರ್ ಹಿಡಿದು ಬಂದಳು. ಡ್ರಮ್ಮಿನ ನಲ್ಲಿ ತಿರುಗಿಸಿ ಬಕೆಟ್ಟಿಗೆ ನೀರು ಬಿಟ್ಟಳು. ಆವಿ ಎದ್ದಿತು. ನಾನು ಉಸಿರು ಬಿಟ್ಟೆ. ಥರ್ಮಾಮೀಟರ್ ನೋಡಿ ಅವಳು ತಲೆದೂಗಿದಳು, ಆದರೆ ಮುಖ ಸಡಿಲವಾಗಲಿಲ್ಲ. "ಬಿಸಿ ಸರಿ ಇದೆ. ಆದರೆ ನಿನ್ನೆ ಒಡೆದದ್ದನ್ನು ನಾನು ಹೇಗೆ ಮರೆಯಲಿ?"

ಅಷ್ಟರಲ್ಲಿ ಹೆಲ್ಮುಟ್ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬಂದರು. ಜೊತೆಗೆ ಅವರ ಹಳೆಯ ಸಂಗಾತಿಗಳು ನಾಲ್ಕಾರು ಮಂದಿ. ಬಕೆಟ್ ಎತ್ತಿಕೊಂಡು ಸ್ನಾನದ ಮನೆಯ ಬಾಗಿಲು ತಳ್ಳಿ, ಮುನಿರಾಜುವನ್ನು ಕೈಸನ್ನೆ ಮಾಡಿ ಕರೆದರು. ಒಳಗೆ ಅಂಗಿ ಕಳಚಿ ಗೋಡೆಗೆ ಕೈ ಕೊಟ್ಟು, ಬಗ್ಗಿ ನಿಂತು, ತಮ್ಮ ಬೆನ್ನು ತೋರಿಸಿದರು.

ನಾನೂ ಕರೀನೂ ಹೊರಗೇ ನಿಂತೆವು. ಅವಳು ಹೇಳಿದಳು: ಗಣಿಯಿಂದ ಮೇಲೆ ಬಂದವರ ಮೈಯೆಲ್ಲ ಕಪ್ಪು, ತಮ್ಮ ಬೆನ್ನು ತಮಗೇ ಎಟುಕುವುದಿಲ್ಲ. ಅದಕ್ಕೆ ಒಬ್ಬರ ಬೆನ್ನನ್ನು ಒಬ್ಬರು ಉಜ್ಜಬೇಕು. ಪಕ್ಕದವನು ಯಾರೇ ಆಗಿರಲಿ, ಜಗಳವಾಡಿದವನೇ ಆಗಿರಲಿ, ಬೆನ್ನು ತೋರಿಸಿದರೆ ಉಜ್ಜಲೇಬೇಕು, ಅದು ಇಲ್ಲಿನ ಪದ್ಧತಿ. ಮುನಿರಾಜುಗೆ ಇದನ್ನು ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಎಣ್ಣೆ ನೀರಿನ ದಿನ ಅಪ್ಪನ ಬೆನ್ನು ಉಜ್ಜಿ ಬೆಳೆದವನು ಅವನು.

"ನೆಟ್ಟಗ್ ನಿಂತ್ಕಳಿ ಯಜಮಾನ್ರೇ, ಜಾರೀರಿ!" ಅವನ ದನಿ ಕೇಳಿಸಿತು. ನೀರು ಸುರಿದ ಸದ್ದು, ಮುದುಕರ ನಗೆ.

ಹೆಲ್ಮುಟ್ ಹೊರಗೆ ಬಂದಾಗ ಮೈ ಕೆಂಪೇರಿತ್ತು, ಕಣ್ಣೂ ಕೆಂಪಾಗಿತ್ತು. ಕರೀನ್ ಎದುರು ನಿಂತು ನಿಧಾನವಾಗಿ ಮಾತಾಡಿದರು. ಅವಳು ನನಗಾಗಿ ಒಂದೊಂದೇ ವಾಕ್ಯ ಇಂಗ್ಲಿಷಿಗೆ ತಂದಳು.

"ಗಣಿ ಮುಚ್ಚಿದ ಮೇಲೆ ನನ್ನ ಬೆನ್ನು ಯಾರೂ ಉಜ್ಜಿರಲಿಲ್ಲ. ಈ ಸ್ನಾನದ ಮನೆಯಲ್ಲಿ ನಾನು ಮಾಡಿದ ಸ್ನಾನಕ್ಕೆಲ್ಲ ಕಲ್ಲಿದ್ದಲು ಉರಿದಿತ್ತು, ಇವತ್ತಿನ ಒಂದು ಸ್ನಾನ ಬಿಟ್ಟು. ಒಡೆಯಿತು ಅಂತೀಯ. ನಾನು ಫಿಟ್ಟರ್, ಒಡೆಯದ ಯಂತ್ರವನ್ನ ನಾನು ನೋಡಿಲ್ಲ. ಒಡೆದ ದಿನವೇ ಒಂದು ಟಾರ್ಚ್ ಇಟ್ಟುಕೊಂಡು ಎತ್ತಿ ನಿಲ್ಲಿಸಬಹುದಾದದ್ದನ್ನ ಮಾತ್ರ ಈಗ ನೋಡಿದೆ. ಮೆಕ್ಯಾನಿಕ್ ಬಾರದ ಊರಿನ ಆಸ್ಪತ್ರೆಗೆ ಇನ್ನೇನು ಕಳಿಸ್ತೀಯ?"

ಕರೀನ್ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದಳು. ಬೆಸುಗೆಗಳನ್ನು ಒಂದೊಂದಾಗಿ ನೋಡಿದಳು, ನಲ್ಲಿ ತಿರುಗಿಸಿ ನೋಡಿದಳು. ಆಮೇಲೆ ನನ್ನ ಕಡೆ ಕೈ ಚಾಚಿದಳು.

"ಈ ನಲ್ಲಿ ಎಲ್ಲದರಲ್ಲೂ ಇರಬೇಕು," ಎಂದಳು. "ಯಾವಾಗಿಂದ ಮಾಡಲು ಶುರು ಮಾಡ್ತೀರಿ?"

ಬಾಯಿ ತುಂಬ ಮಾತಾಡುವ ನಾನು ಆ ಕಪ್ಪು ಅಂಗಳದಲ್ಲಿ ಅವಳ ಕೈ ಹಿಡಿದುಕೊಂಡು, ಅಷ್ಟು ಜನರ ಎದುರು, ಬಿಕ್ಕಿ ಬಿಕ್ಕಿ ಅತ್ತೆ. ಮುನಿರಾಜು ಒದ್ದೆ ಕೈ ಒರೆಸಿಕೊಳ್ಳುತ್ತ ಗಾಬರಿಯಿಂದ ಓಡಿ ಬಂದ.

"ಏನಾಯ್ತಕ್ಕ? ಬ್ಯಾಡ ಅಂದ್ರಾ?"

"ಇಲ್ಲ ಕಣೋ," ಎಂದೆ. "ಶೆಡ್ಡಿಗೆ ಫೋನ್ ಮಾಡು. ತಾಮ್ರ ತರಿಸೋಕೆ ಹೇಳು."